ಮೈದಾನದಲ್ಲೇ ಹೃದಯ ಸ್ತಂಭನ, 259 ದಿನಗಳ ಬಳಿಕ ಮತ್ತೆ ಆಟ: ಎರಿಕ್ಸನ್ ಮರಳಿದ್ದು ಹೀಗೆ

2021ರ ಜೂನ್ 12. ಕೋಪನ್‌ಹೇಗನ್‌ನ ಪಾರ್ಕೆನ್ ಕ್ರೀಡಾಂಗಣದಲ್ಲಿ ಯೂರೋ ಕಪ್‌ನ ಡೆನ್ಮಾರ್ಕ್-ಫಿನ್ಲೆಂಡ್ ಪಂದ್ಯ. ಮೊದಲಾರ್ಧ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಥ್ರೋ-ಇನ್ ಪಡೆಯಲು ಮುಂದೆ ಬಂದ ಡೆನ್ಮಾರ್ಕ್‌ನ ಕ್ರಿಶ್ಚಿಯನ್ ಎರಿಕ್ಸನ್ ಕುಸಿದು ಬಿದ್ದರು. ಯಾರೂ ಅವರಿಗೆ ಡಿಕ್ಕಿ ಹೊಡೆದಿರಲಿಲ್ಲ. ಆಗ ಅವರ ವಯಸ್ಸು 29.

ರೆಫ್ರಿ ಆಂಥೊನಿ ಟೇಲರ್ ತಕ್ಷಣ ಆಟ ನಿಲ್ಲಿಸಿ ವೈದ್ಯರನ್ನು ಕರೆದರು. ನಾಯಕ ಸೈಮನ್ ಕೇರ್ ಓಡಿಬಂದು ಎರಿಕ್ಸನ್ ಅವರನ್ನು ಮಗ್ಗುಲಾಗಿ ಮಲಗಿಸಿದರು. ಎದೆ ಒತ್ತುವ ಸಿಪಿಆರ್ ಶುರುವಾದಾಗ ಸಹ ಆಟಗಾರರು ಸುತ್ತುಗಟ್ಟಿ, ಕ್ಯಾಮೆರಾಗಳಿಗೆ ಬೆನ್ನು ಕೊಟ್ಟು ನಿಂತರು. ಡಿಫಿಬ್ರಿಲೇಟರ್‌ನ ಒಂದು ಶಾಕ್‌ಗೆ ಹೃದಯ ಮತ್ತೆ ಲಯಕ್ಕೆ ಬಂತು. ಆಟಗಾರನನ್ನು ಆಸ್ಪತ್ರೆಗೆ ಕರೆದೊಯ್ದ ಬಳಿಕ ಫಿನ್ಲೆಂಡ್ ಅಭಿಮಾನಿಗಳು 'ಕ್ರಿಶ್ಚಿಯನ್' ಎಂದು ಕೂಗಿದರೆ, ಡೆನ್ಮಾರ್ಕ್ ಅಭಿಮಾನಿಗಳು 'ಎರಿಕ್ಸನ್' ಎಂದು ದನಿಗೂಡಿಸಿದರು. ಅಂದೇ ರಾತ್ರಿ ಪಂದ್ಯ ಮುಂದುವರಿದು ಫಿನ್ಲೆಂಡ್ 1-0ರಿಂದ ಗೆದ್ದಿತು. ಅಂಥ ಮನಸ್ಥಿತಿಯಲ್ಲಿ ಆಟಗಾರರನ್ನು ಮತ್ತೆ ಕಣಕ್ಕಿಳಿಸಬೇಕಿತ್ತೇ ಎಂಬ ಪ್ರಶ್ನೆ ಆಗಲೇ ಎದ್ದಿತ್ತು, ಅದರಲ್ಲಿ ಹುರುಳೂ ಇತ್ತು.

ಹೃದಯಾಘಾತಕ್ಕೂ ಹೃದಯ ಸ್ತಂಭನಕ್ಕೂ ವ್ಯತ್ಯಾಸವಿದೆ. ರಕ್ತನಾಳ ಕಟ್ಟಿಕೊಂಡು ಹೃದಯದ ಸ್ನಾಯುವಿಗೆ ರಕ್ತ ಸಿಗದಿರುವುದು ಹೃದಯಾಘಾತ. ಹೃದಯದ ವಿದ್ಯುತ್ ಸಂಕೇತಗಳೇ ದಾರಿ ತಪ್ಪಿ ಬಡಿತ ನಿಂತುಹೋಗುವುದು ಸ್ತಂಭನ. ಇಲ್ಲಿ ಶಾಕ್ ನೀಡಲು ತಡವಾಗುವ ಪ್ರತಿ ನಿಮಿಷಕ್ಕೂ ಬದುಕುಳಿಯುವ ಸಾಧ್ಯತೆ ಶೇ. 7ರಿಂದ 10ರಷ್ಟು ಕುಸಿಯುತ್ತದೆ.

ಈ ಮಾತಿಗೆ ಬೆಂಗಳೂರಿನಲ್ಲೇ ಕಹಿ ನೆನಪೊಂದಿದೆ. 2004ರ ಡಿಸೆಂಬರ್ 5ರಂದು ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಫೈನಲ್ ಆಡುತ್ತಿದ್ದ ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್, ಮೋಹನ್ ಬಾಗನ್ ಗೋಲ್‌ಕೀಪರ್ ಜತೆಗಿನ ಡಿಕ್ಕಿಯ ನಂತರ ಕುಸಿದರು, ಬದುಕುಳಿಯಲಿಲ್ಲ. ಮೈದಾನದಲ್ಲಿ ವೈದ್ಯಕೀಯ ಸಿದ್ಧತೆ ಸಾಲದಾಗಿತ್ತು ಎಂಬ ಟೀಕೆ ಆಗ ಜೋರಾಗಿ ಕೇಳಿಬಂದಿತ್ತು.

ಎರಿಕ್ಸನ್‌ಗೆ ವೈದ್ಯರು ಐಸಿಡಿ ಅಳವಡಿಸಿದರು. ಚರ್ಮದಡಿ ಕೂರುವ ಈ ಪುಟ್ಟ ಸಾಧನ ಹೃದಯ ಬಡಿತದ ಮೇಲೆ ಸದಾ ಕಣ್ಣಿಟ್ಟು, ಅಪಾಯ ಕಂಡರೆ ತಾನೇ ಶಾಕ್ ನೀಡುತ್ತದೆ. ಆರನೇ ದಿನ ಅವರು ಮನೆಗೆ ಹೋದರು. ಆದರೆ ಐಸಿಡಿ ಇರುವವರಿಗೆ ಇಟಲಿಯ ಲೀಗ್‌ನಲ್ಲಿ ಆಡಲು ಅನುಮತಿ ಇಲ್ಲ. ಹೀಗಾಗಿ ಡಿಸೆಂಬರ್‌ನಲ್ಲಿ ಇಂಟರ್ ಮಿಲಾನ್ ಜತೆಗಿನ ಒಪ್ಪಂದ ಪರಸ್ಪರ ಒಪ್ಪಿಗೆಯಿಂದ ರದ್ದಾಯಿತು. ಅದೇ ಸಾಧನದೊಂದಿಗೆ ಡೇಲಿ ಬ್ಲಿಂಡ್ ನೆದರ್‌ಲೆಂಡ್ಸ್‌ನಲ್ಲಿ ಆಡುತ್ತಿದ್ದರು ಎಂಬುದು ಗಮನಾರ್ಹ.

ಕೈಹಿಡಿದದ್ದು ಇಂಗ್ಲೆಂಡ್‌ನ ಬ್ರೆಂಟ್‌ಫರ್ಡ್. ಅದರ ಆಗಿನ ಕೋಚ್ ಥಾಮಸ್ ಫ್ರಾಂಕ್ ಕೂಡ ಡೆನ್ಮಾರ್ಕ್‌ನವರೇ. 2022ರ ಫೆಬ್ರವರಿ 26ರಂದು ನ್ಯೂಕ್ಯಾಸಲ್ ವಿರುದ್ಧ ಬದಲಿ ಆಟಗಾರನಾಗಿ ಎರಿಕ್ಸನ್ ಮೈದಾನಕ್ಕಿಳಿದಾಗ ಇಡೀ ಕ್ರೀಡಾಂಗಣ ಎದ್ದು ನಿಂತಿತು. ಮರುತಿಂಗಳು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನೆದರ್‌ಲೆಂಡ್ಸ್ ವಿರುದ್ಧ ರಾಷ್ಟ್ರೀಯ ತಂಡಕ್ಕೆ ಮರಳಿ, ಕಣಕ್ಕಿಳಿದ ಎರಡೇ ನಿಮಿಷದಲ್ಲಿ ಗೋಲು ಹೊಡೆದರು. ಮೂರು ದಿನಗಳ ಬಳಿಕ ಅದೇ ಪಾರ್ಕೆನ್‌ನಲ್ಲಿ ಸರ್ಬಿಯಾ ವಿರುದ್ಧ ತಂಡವನ್ನು ಮುನ್ನಡೆಸಿ ಇನ್ನೊಂದು ಗೋಲು. ಆ ಬೇಸಿಗೆಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಮೂರು ವರ್ಷಗಳ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿತು.

2024ರ ಜೂನ್ 16ರಂದು, ಮುಂದಿನ ಯೂರೋ ಕಪ್‌ನ ತಮ್ಮ ಮೊದಲ ಪಂದ್ಯದಲ್ಲೇ, ಎರಿಕ್ಸನ್ ಸ್ಲೊವೇನಿಯಾ ವಿರುದ್ಧ ಗೋಲು ಗಳಿಸಿದರು. ಪಂದ್ಯ 1-1ರಲ್ಲಿ ಡ್ರಾ ಆಯಿತು.