ಹಳೆಯ ಕಾಲುವೆ ಲಾಕ್‌ಗಳ ಚಳಿಗಾಲದ ದುರಸ್ತಿ

ಲಾಕ್ ಎಂದರೇನು?
ನೆಲ ಏರುವ ಅಥವಾ ಇಳಿಯುವ ಕಡೆ ದೋಣಿಯನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ದಾಟಿಸುವ ತೊಟ್ಟಿಯೇ ಲಾಕ್. ಇದರ ಎರಡೂ ತುದಿಗೆ ಗೇಟುಗಳಿರುತ್ತವೆ. ತೂಬು ಎತ್ತಿ ನೀರು ತುಂಬಿಸಿದರೆ ದೋಣಿ ಮೇಲೇರುತ್ತದೆ, ನೀರು ಬಿಟ್ಟರೆ ಇಳಿಯುತ್ತದೆ. ಇಂಗ್ಲೆಂಡಿನ ಡಿವೈಜಸ್ ಪಟ್ಟಣದ ಬಳಿ ಕೆನೆಟ್ ಅಂಡ್ ಏವನ್ ಕಾಲುವೆಯಲ್ಲಿ ಇಂಥ 29 ಲಾಕ್‌ಗಳು ಸುಮಾರು 3 ಕಿ.ಮೀ. ದೂರದಲ್ಲಿ ದೋಣಿಗಳನ್ನು 72 ಮೀಟರ್ ಎತ್ತರಕ್ಕೆ ಒಯ್ಯುತ್ತವೆ. ಜಾನ್ ರೆನ್ನಿ ರೂಪಿಸಿದ ಈ ಕಾಲುವೆ 1810ರಲ್ಲಿ ಪೂರ್ಣಗೊಂಡಿತು. ರೈಲಿನ ಪೈಪೋಟಿಗೆ ಸೋತು ಪಾಳುಬಿದ್ದಿದ್ದ ಅದನ್ನು 1990ರಲ್ಲಿ ಮತ್ತೆ ತೆರೆಯಲಾಯಿತು.

ಚಳಿಗಾಲವೇ ಏಕೆ?
ಈಗ ಇಲ್ಲಿ ಓಡಾಡುವುದು ಹೆಚ್ಚಾಗಿ ವಿಹಾರದ ದೋಣಿಗಳು. ನವೆಂಬರ್‌ನಿಂದ ಮಾರ್ಚ್‌ವರೆಗೆ ಅವುಗಳ ಸಂಚಾರ ವಿರಳ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 3,200 ಕಿ.ಮೀ. ಜಲಮಾರ್ಗ ನೋಡಿಕೊಳ್ಳುವ ಕೆನಾಲ್ ಅಂಡ್ ರಿವರ್ ಟ್ರಸ್ಟ್ ದೊಡ್ಡ ಕೆಲಸಗಳನ್ನು ಈ ತಿಂಗಳುಗಳಿಗೇ ಇಟ್ಟುಕೊಳ್ಳುತ್ತದೆ. ಯಾವ ಲಾಕ್ ಎಂದಿನಿಂದ ಎಂದಿನವರೆಗೆ ಮುಚ್ಚಿರುತ್ತದೆ ಎಂಬುದನ್ನು ಮೊದಲೇ ಪ್ರಕಟಿಸುತ್ತದೆ.

ನೀರು ಖಾಲಿ ಮಾಡುವುದು
ಲಾಕ್‌ನ ಎರಡೂ ಕಡೆ ಗೋಡೆಗಳಲ್ಲಿರುವ ನೇರ ಸೀಳುಗಳಿಗೆ ದಪ್ಪ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ತಾತ್ಕಾಲಿಕ ಒಡ್ಡು ಕಟ್ಟುತ್ತಾರೆ. ಒಳಗಿನ ಮೀನುಗಳನ್ನು ಹಿಡಿದು ಬೇರೆಡೆ ಬಿಟ್ಟು, ಉಳಿದ ನೀರನ್ನು ಪಂಪು ಹಾಕಿ ತೆಗೆಯುತ್ತಾರೆ. ವರ್ಷಗಟ್ಟಲೆ ನೀರಿನಡಿ ಅಡಗಿದ್ದ ಹೂಳು, ಸವೆದ ಹೊಸ್ತಿಲು, ಬಿರುಕುಬಿಟ್ಟ ಇಟ್ಟಿಗೆ ಆಗ ಕಣ್ಣಿಗೆ ಬೀಳುತ್ತವೆ.

ಗೇಟಿನ ಆಯುಸ್ಸು
ಓಕ್ ಮರದ ಗೇಟು ಸುಮಾರು 25 ವರ್ಷ ಬಾಳುತ್ತದೆ. ಲಾಕ್‌ಗಳ ಅಳತೆ ಒಂದೇ ಸಮನಾಗಿರದ ಕಾರಣ ಪ್ರತಿಯೊಂದಕ್ಕೂ ಬೇರೆ ಗೇಟು ಮಾಡಬೇಕು. ಟ್ರಸ್ಟ್‌ನ ಬಡಗಿಗಳು ಸ್ಟಾನ್ಲಿ ಫೆರ್ರಿ ಮತ್ತು ಬ್ರಾಡ್ಲಿ ಕಾರ್ಯಾಗಾರಗಳಲ್ಲಿ ಇವನ್ನು ಸಿದ್ಧಪಡಿಸುತ್ತಾರೆ. ಹಲವು ಟನ್ ತೂಗುವ ಗೇಟನ್ನು ಕ್ರೇನು ಕೆಳಗಿಳಿಸುತ್ತದೆ. ಜೋಡಿ ಗೇಟುಗಳು ಮುಚ್ಚಿದಾಗ ಮೇಲಿನ ನೀರಿನತ್ತ ಚೂಪಾಗಿ ಕೂಡುತ್ತವೆ. ನೀರಿನ ಒತ್ತಡವೇ ಅವನ್ನು ಬಿಗಿಯಾಗಿ ಅಮುಕಿ ಹಿಡಿಯುತ್ತದೆ. ಆದರೆ ಕೂಡುವ ಅಂಚು ಸ್ವಲ್ಪ ವಾರೆಯಾದರೂ ಸೋರಿಕೆ ತಪ್ಪದು.

ಗೋಡೆಗೆ ಸುಣ್ಣದ ಗಾರೆ
ಹಳೆಯ ಗೋಡೆಗೆ ಸಿಮೆಂಟು ಹೊಂದುವುದಿಲ್ಲ. ಮೆತ್ತಗಿನ ಇಟ್ಟಿಗೆಯ ನಡುವೆ ಅದು ಬಿರುಸಾಗಿ ಕುಳಿತು, ತೇವವನ್ನು ಹೊರಬಿಡದೆ ಇಟ್ಟಿಗೆಯನ್ನೇ ಉದುರಿಸುತ್ತದೆ. ಸುಣ್ಣದ ಗಾರೆ ಗೋಡೆಯ ಸಣ್ಣ ಅಲುಗಾಟವನ್ನು ತಾಳಿಕೊಳ್ಳುತ್ತದೆ. ಆದರೆ ಅದು ಗಟ್ಟಿಯಾಗಲು ಸಮಯ ಬೇಕು, ಹಿಮಗಟ್ಟಿದರೆ ಕೆಡುತ್ತದೆ. ದೋಣಿಗಳಿಲ್ಲದ ಕಾಲವೇ ಗಾರೆಗೆ ಒಗ್ಗದ ಕಾಲವೂ ಆಗಿರುವುದರಿಂದ ಹಸಿ ಗಾರೆಗೆ ಹೊದಿಕೆ ಹಾಕಿ ಕಾಪಾಡುತ್ತಾರೆ.

ಮರಳಿ ನೀರು
ಕೆಲಸ ಮುಗಿದ ಮೇಲೆ ನೀರನ್ನು ನಿಧಾನವಾಗಿ ಬಿಟ್ಟು ಸೋರಿಕೆ ಪರೀಕ್ಷಿಸುತ್ತಾರೆ. ನೀರು ಹೀರಿದ ಓಕ್ ಉಬ್ಬಿದಂತೆ ಸಣ್ಣಪುಟ್ಟ ಸಂದುಗಳು ತಾವಾಗಿ ಮುಚ್ಚುತ್ತವೆ. ಕಾಲಕಾಲಕ್ಕೆ ಮರ ಬದಲಾದರೂ, ದುರಸ್ತಿಗೊಳ್ಳುತ್ತಾ ಉಳಿಯುವ ತೊಟ್ಟಿಯಲ್ಲಿ ರೆನ್ನಿಯ ಕಾಲದ ವಿನ್ಯಾಸವೇ ಇಂದಿಗೂ ದುಡಿಯುತ್ತಿದೆ.