ನಲವತ್ತೊಂದು ದಿನ ಮತ್ತು ಒಂದು ಕಾಗದ

ಮಾರಿದ ಗಾಡಿಯಲ್ಲಿ ದೋಷ ಇದೆ ಎಂದು ಕಂಪನಿಯೇ ಒಪ್ಪಿಕೊಂಡು ರಿಪೇರಿಗೆ ಕರೆಯುವುದಕ್ಕೆ ರೀಕಾಲ್ ಅಂತಾರಲ್ಲ, ಅದನ್ನು ನಮ್ಮ ಪತ್ರಿಕೆಗಳು 'ಇಷ್ಟು ಸಾವಿರ ಕಾರು ವಾಪಸ್ ಪಡೆದ ಕಂಪನಿ' ಎಂದು ಬರೆಯುತ್ತವೆ. ಓದಿದರೆ ಕಂಪನಿಯವರು ಲಾರಿ ತಂದು ಊರಿನ ಕಾರುಗಳನ್ನೆಲ್ಲ ಹೇರಿಕೊಂಡು ಹೋದರೇನೋ ಅನ್ನಿಸಬೇಕು! ನಿಜವಾಗಿ ಆಗುವುದು ಇಷ್ಟೇ: ಒಂದು ಕಾಗದ ಬರುತ್ತದೆ (ಈಗ ಎಸ್ಸೆಮ್ಮೆಸ್ಸೂ ಬರುತ್ತದೆ ಅನ್ನಿ). ಕಾರು ನಮ್ಮ ಮನೆ ಮುಂದೆಯೇ ನಿಂತಿರುತ್ತದೆ, ನಾವು ಓಡಿಸುತ್ತಲೇ ಇರುತ್ತೇವೆ. ಆ ಕಾಗದ ಸರಿಯಾದ ವಿಳಾಸಕ್ಕೆ ಬರಬೇಕು, ಬಂದದ್ದನ್ನು ಯಾರಾದರೂ ಒಡೆದು ಓದಬೇಕು, ಹಾಕಬೇಕಾದ ಪಾರ್ಟು ತಯಾರಾಗಿ ಡೀಲರ್ ಹತ್ತಿರ ಬಂದಿರಬೇಕು, ಗಾಡಿ ಮೆಕ್ಯಾನಿಕ್ ಕೈಗೆ ಹೋಗಬೇಕು. ಅಲ್ಲಿಯವರೆಗೆ ರೀಕಾಲ್ ಅನ್ನುವುದು ಬರೀ ಪೇಪರ್ ಸುದ್ದಿ.

ಈ 'ಅಲ್ಲಿಯವರೆಗೆ' ಎಂಬ ಅವಧಿಯ ಮೇಲೆಯೇ ಒಂದು ನರಹತ್ಯೆ ಮೊಕದ್ದಮೆ ನಡೆದಿದೆ. ಫೋರ್ಡ್ ಪಿಂಟೋ ಕಾರಿನ ಹೆಸರು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಎಂಬಿಎ ಓದಿದವರಂತೂ ಖಂಡಿತ ಕೇಳಿರುತ್ತೀರಿ, ನೈತಿಕತೆಯ ಪಾಠದಲ್ಲಿ ಅದೊಂದು ಕಾಯಂ ಉದಾಹರಣೆ. ಆದರೆ ಅಲ್ಲಿ ಹೇಳುವುದು ಬೆಂಕಿಯ ಕಥೆಯನ್ನು. ನನಗೆ ಕುತೂಹಲ ಇರುವುದು ಅದರ ರಿಪೇರಿಯ ಕಥೆಯಲ್ಲಿ.

ಹಿನ್ನೆಲೆ ಸ್ವಲ್ಪ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ 1965ರಲ್ಲಿ ರಾಲ್ಫ್ ನೇಡರ್ ಕಾರುಗಳ ಅಸುರಕ್ಷತೆಯ ಬಗ್ಗೆ ಪುಸ್ತಕ ಬರೆದು ಗದ್ದಲ ಎಬ್ಬಿಸಿದ. ಮರುವರ್ಷವೇ ವಾಹನ ಸುರಕ್ಷತಾ ಕಾನೂನು ಬಂತು. ದೋಷ ಕಂಡರೆ ಮಾಲೀಕರಿಗೆ ತಿಳಿಸಬೇಕು ಅಂತ ಅದರಲ್ಲಿತ್ತು. ತಿಳಿಸಬೇಕು, ಅಷ್ಟೇ! ಪುಕ್ಕಟೆಯಾಗಿ ರಿಪೇರಿ ಮಾಡಿಕೊಡಲೇಬೇಕು ಎಂಬ ಕಟ್ಟು ಬಂದದ್ದು 1974ರ ತಿದ್ದುಪಡಿಯಲ್ಲಿ. 'ನಿಮ್ಮ ಮನೆ ಗೋಡೆ ಬಿರುಕು ಬಿಟ್ಟಿದೆ ನೋಡಿಕೊಳ್ಳಿ' ಎಂದು ಕಟ್ಟಿದ ಮೇಸ್ತ್ರಿಯೇ ಹೇಳಿ ಹೋದ ಹಾಗಿತ್ತು ಮೊದಲ ಎಂಟು ವರ್ಷದ ವ್ಯವಸ್ಥೆ.

ಪಿಂಟೋ ಮಾರುಕಟ್ಟೆಗೆ ಬಂದದ್ದು 1970ರ ಸೆಪ್ಟೆಂಬರಿನಲ್ಲಿ. ಜಪಾನ್, ಜರ್ಮನಿಯ ಚಿಕ್ಕ ಕಾರುಗಳಿಗೆ ಎದುರಾಗಿ ಲೀ ಅಯಕೋಕ ಮುಂದೆ ನಿಂತು ಮಾಡಿಸಿದ ಕಾರು. ತೂಕ 2000 ಪೌಂಡ್ ಮೀರಬಾರದು, ಬೆಲೆ 2000 ಡಾಲರ್ ಮೀರಬಾರದು ಎಂಬುದು ಗುರಿ. ಪೆಟ್ರೋಲ್ ಟ್ಯಾಂಕು ಹಿಂದಿನ ಆಕ್ಸಲ್ಲಿನ ಆಚೆ, ಬಂಪರಿನ ಈಚೆ. ಆ ಕಾಲದ ಬಹಳಷ್ಟು ಕಾರುಗಳಲ್ಲಿ ಟ್ಯಾಂಕು ಅಲ್ಲೇ ಇರುತ್ತಿತ್ತು, ಅದೊಂದೇ ತಪ್ಪಲ್ಲ. ತೊಂದರೆ ಏನೆಂದರೆ ಪಿಂಟೋದಲ್ಲಿ ಮಧ್ಯದ ಜಾಗ ಬಹಳ ಕಮ್ಮಿ. ಹಿಂದಿನಿಂದ ಗುದ್ದಿದರೆ ಟ್ಯಾಂಕು ಮುಂದಕ್ಕೆ ಜರುಗಿ ಡಿಫರೆನ್ಷಿಯಲ್ಲಿನ ಬೋಲ್ಟುಗಳಿಗೆ ಚುಚ್ಚಿಕೊಳ್ಳುತ್ತಿತ್ತು. ಪೆಟ್ರೋಲ್ ಹಾಕುವ ಕೊಳವೆ ಟ್ಯಾಂಕಿನಿಂದ ಕಿತ್ತುಕೊಂಡು ಬರುತ್ತಿತ್ತು. ಒಂದು ಕಿಡಿ ಸಾಕು.

1977ರ ಆಗಸ್ಟಿನಲ್ಲಿ ಮಾರ್ಕ್ ಡೌವಿ ಎಂಬ ಪತ್ರಕರ್ತ 'ಮದರ್ ಜೋನ್ಸ್' ಪತ್ರಿಕೆಯಲ್ಲಿ ಇದನ್ನೆಲ್ಲ ಬಯಲು ಮಾಡಿದ. ಸರ್ಕಾರದ ಹೆದ್ದಾರಿ ಸುರಕ್ಷತಾ ಇಲಾಖೆ ತನಿಖೆಗೆ ಇಳಿಯಿತು. 1978ರ ಮೇ ತಿಂಗಳಲ್ಲಿ ದೋಷ ಇದೆ ಎಂಬ ಪ್ರಾಥಮಿಕ ತೀರ್ಮಾನಕ್ಕೆ ಬಂತು. ಹಿಂದಿನಿಂದ ಗುದ್ದಿ ಬೆಂಕಿ ಹತ್ತಿದ ಪ್ರಕರಣಗಳಲ್ಲಿ ಸತ್ತವರು 27 ಮಂದಿ ಎಂಬುದು ಇಲಾಖೆಯ ಲೆಕ್ಕ. ಬಹಿರಂಗ ವಿಚಾರಣೆಗೆ ಕೆಲವೇ ದಿನ ಬಾಕಿ ಇದ್ದಾಗ, ಜೂನ್ 9ರಂದು, ಫೋರ್ಡ್ ತಾನಾಗಿಯೇ ರೀಕಾಲ್ ಘೋಷಿಸಿತು. 1971ರಿಂದ 76ರವರೆಗಿನ ಪಿಂಟೋಗಳು, ಜೊತೆಗೆ ಅದರದೇ ತಮ್ಮನಂತಿದ್ದ ಮರ್ಕ್ಯುರಿ ಬಾಬ್‌ಕ್ಯಾಟ್, ಒಟ್ಟು ಸುಮಾರು 15 ಲಕ್ಷ ಗಾಡಿ.

ರಿಪೇರಿ ಏನು ಗೊತ್ತೇ? ಟ್ಯಾಂಕಿಗೂ ಡಿಫರೆನ್ಷಿಯಲ್ಲಿಗೂ ಮಧ್ಯೆ ಒಂದು ಪ್ಲಾಸ್ಟಿಕ್ ತಡೆ. ಸುಲಭಕ್ಕೆ ಕಿತ್ತುಬರದಂತೆ ಸ್ವಲ್ಪ ಉದ್ದದ ಕೊಳವೆ, ಅದಕ್ಕೊಂದು ಬಿಗಿಯಾದ ಸೀಲು. ಅಷ್ಟೇ ಸ್ವಾಮಿ! ಏಳೆಂಟು ವರ್ಷದ ಗಲಾಟೆಗೆ ಉತ್ತರ ಒಂದು ಪ್ಲಾಸ್ಟಿಕ್ ಹಾಳೆ ಮತ್ತು ಒಂದು ಪೈಪು. ಆದರೆ 15 ಲಕ್ಷ ಕಾರಿಗೆ ಅದನ್ನು ಮಾಡಿಸಿ, ದೇಶದ ಮೂಲೆಮೂಲೆಯ ಡೀಲರುಗಳಿಗೆ ತಲುಪಿಸಬೇಕಲ್ಲ. ಅದಕ್ಕೆ ಇಟ್ಟುಕೊಂಡ ಗಡುವು ಸೆಪ್ಟೆಂಬರ್. ಅಂದರೆ ಜೂನಿನಲ್ಲಿ ಘೋಷಣೆ ಓದಿ ಅದೇ ದಿನ ಗಾಡಿ ತೆಗೆದುಕೊಂಡು ಓಡಿದವನಿಗೂ 'ಪಾರ್ಟು ಬಂದಿಲ್ಲ, ಆಮೇಲೆ ಬನ್ನಿ' ಎಂಬುದೇ ಉತ್ತರ.

ಆ ಮಧ್ಯದಲ್ಲೇ ಆಗಸ್ಟ್ 10 ಬಂತು.

ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಕೌಂಟಿ, ಗೋಶೆನ್ ಹತ್ತಿರದ ಹೆದ್ದಾರಿ 33. ಹಳದಿ ಬಣ್ಣದ 1973ರ ಪಿಂಟೋದಲ್ಲಿ ಮೂವರು ಹುಡುಗಿಯರು, ಅಕ್ಕ ತಂಗಿ ಮತ್ತು ಅವರ ಸಂಬಂಧಿ. ದೊಡ್ಡವರಿಬ್ಬರಿಗೆ ಹದಿನೆಂಟು, ಚಿಕ್ಕವಳಿಗೆ ಹದಿನಾರು. ವಾಲಿಬಾಲ್ ಆಡಲು ಹೊರಟಿದ್ದರು. ದಾರಿಯಲ್ಲಿ ಪೆಟ್ರೋಲ್ ಹಾಕಿಸಿದರು. ಟ್ಯಾಂಕಿನ ಮುಚ್ಚಳವನ್ನು ಕಾರಿನ ಮೇಲಿಟ್ಟು ಮರೆತರು (ಯಾರು ಮರೆಯುವುದಿಲ್ಲ ಹೇಳಿ). ಅದು ರಸ್ತೆಗೆ ಬಿತ್ತು. ಅದನ್ನು ಎತ್ತಿಕೊಳ್ಳಲು ಗಾಡಿ ತಿರುಗಿಸಿ, ಲೈಟು ಮಿಣುಕಿಸುತ್ತಾ ನಿಧಾನ ಮಾಡಿದರು. ಬದಿಗೆ ಸರಿಯೋಣವೆಂದರೆ ಆ ರಸ್ತೆಗೆ ಪಕ್ಕದಲ್ಲಿ ಜಾಗವಿಲ್ಲ, ಎತ್ತರದ ಕಲ್ಲಿನ ಅಂಚು. ಹಿಂದಿನಿಂದ ಬಂದ ವ್ಯಾನಿನ ಹುಡುಗ ಕೆಳಗೆ ಬಿದ್ದ ಸಿಗರೇಟು ನೋಡಲು ಒಂದು ಕ್ಷಣ ಬಗ್ಗಿದ್ದ. ಮೂವರೂ ಸುಟ್ಟಗಾಯಗಳಿಂದ ಸತ್ತರು. ವ್ಯಾನಿನವನಿಗೆ ಹೆಚ್ಚೇನೂ ಆಗಲಿಲ್ಲ.

ಸ್ಥಳಕ್ಕೆ ಬಂದ ಪೊಲೀಸ್ ಅಧಿಕಾರಿಗೆ ಕಾರಿನ ಒಳಗೆ, ಮುಂದಿನ ಸೀಟಿನ ತನಕ, ಪೆಟ್ರೋಲ್ ಬಂದಿದ್ದು ವಿಚಿತ್ರವಾಗಿ ಕಂಡಿತು. ಆತ ಆ ಪತ್ರಿಕೆಯ ಲೇಖನ ಓದಿದ್ದ. ಅದು ನೆನಪಾಗಿ ಜಿಲ್ಲಾ ಸರ್ಕಾರಿ ವಕೀಲ ಮೈಕೇಲ್ ಕೊಸೆಂಟಿನೋಗೆ ಹೇಳಿದ. ಸೆಪ್ಟೆಂಬರ್ 13ರಂದು ಗ್ರ್ಯಾಂಡ್ ಜ್ಯೂರಿ ಫೋರ್ಡ್ ಕಂಪನಿಯ ಮೇಲೆ ಮೂರು ನರಹತ್ಯೆಯ ಆರೋಪ ಹೊರಿಸಿತು. ದೋಷದ ಸರಕಿನಿಂದಾದ ಸಾವಿಗೆ ಅಮೆರಿಕದ ಕಂಪನಿಯೊಂದನ್ನು ಈ ರೀತಿ ಕಟಕಟೆಗೆ ಎಳೆದದ್ದು ಅದೇ ಮೊದಲು. ತಪ್ಪಿತಸ್ಥ ಅಂತಾದರೆ ಗರಿಷ್ಠ ದಂಡ ಎಷ್ಟು? 30 ಸಾವಿರ ಡಾಲರ್. ಅದಕ್ಕಾಗಿ ಫೋರ್ಡ್ ಕಟ್ಟಿಕೊಂಡು ಬಂದದ್ದು ವಾಟರ್‌ಗೇಟ್ ಹಗರಣದಲ್ಲಿ ಸರ್ಕಾರದ ಪರ ವಾದಿಸಿ ಹೆಸರಾಗಿದ್ದ ಜೇಮ್ಸ್ ನೀಲ್‌ನನ್ನು. ಇತ್ತ ಕೊಸೆಂಟಿನೋ ಹತ್ತಿರ ಇದ್ದದ್ದು 20 ಸಾವಿರ ಡಾಲರಿನ ಬಜೆಟ್ಟು, ಸಂಬಳವಿಲ್ಲದೆ ಕೆಲಸ ಮಾಡಿದ ಕಾನೂನು ವಿದ್ಯಾರ್ಥಿಗಳು ಮತ್ತು ಕೆಲವು ಮೇಷ್ಟ್ರುಗಳು.

ಈಗ ಬರುತ್ತದೆ ನಾನು ಹೇಳಬೇಕೆಂದಿದ್ದ ವಿಷಯ. ಮೊಕದ್ದಮೆಗೆ ಆಧಾರವಾದ ಇಂಡಿಯಾನಾದ ಕಾನೂನು ಫೋರ್ಡಿಗೆ ಅನ್ವಯವಾಗುತ್ತಿದ್ದದ್ದು 1978ರ ಜುಲೈ 1ರಿಂದ ಈಚೆಗೆ ಮಾತ್ರ. ಆದರೆ ಕಾರು ತಯಾರಾದದ್ದು ಐದು ವರ್ಷ ಹಿಂದೆ. ಹಾಗಾಗಿ 'ಕೆಟ್ಟ ಕಾರು ಮಾಡಿದಿರಿ' ಎಂದು ಹೇಳಿ ಶಿಕ್ಷೆ ಕೊಡಿಸುವ ಹಾಗಿಲ್ಲ. ಉಳಿದ ದಾರಿ ಒಂದೇ: ಜುಲೈ 1ರಿಂದ ಆಗಸ್ಟ್ 10ರವರೆಗೆ, ಆ ನಲವತ್ತೊಂದು ದಿನಗಳಲ್ಲಿ, ಆ ಒಂದು ಕಾರನ್ನು ಸರಿಮಾಡಿಸುವುದರಲ್ಲಿ, ಮಾಲೀಕರನ್ನು ಎಚ್ಚರಿಸುವುದರಲ್ಲಿ ಫೋರ್ಡ್ ಬೇಜವಾಬ್ದಾರಿಯಿಂದ ನಡೆದುಕೊಂಡಿತು ಎಂದು ಸಾಬೀತು ಮಾಡಬೇಕು. ಎಂಟು ವರ್ಷದ ಚರಿತ್ರೆ ಸೋಸಿ ಸೋಸಿ ಕೊನೆಗೆ ಉಳಿದದ್ದು ರಿಪೇರಿ ತಡವಾಯಿತೇ ಎಂಬ ಪ್ರಶ್ನೆ!

1980ರ ಜನವರಿಯಲ್ಲಿ ವಿನಮ್ಯಾಕ್ ಎಂಬ ಪುಟ್ಟ ಊರಿನಲ್ಲಿ ವಿಚಾರಣೆ ಶುರುವಾಯಿತು. ಫೋರ್ಡಿನ ಒಳಗಿನ ಕಾಗದಪತ್ರಗಳನ್ನು ರಾಶಿ ಹಾಕಿ ತೋರಿಸಬೇಕೆಂದಿದ್ದ ಸರ್ಕಾರಿ ವಕೀಲರಿಗೆ ಮೊದಲ ಪೆಟ್ಟು ಬಿದ್ದದ್ದು ಅಲ್ಲೇ. 1973ರ ಮಾದರಿಗೆ ಸಂಬಂಧಿಸಿದ್ದಲ್ಲ ಎಂದು ನ್ಯಾಯಾಧೀಶ ಹೆರಾಲ್ಡ್ ಸ್ಟಾಫೆಲ್ಟ್ ಅವುಗಳಲ್ಲಿ ಬಹುಪಾಲನ್ನು ಒಳಗೆ ಬಿಡಲಿಲ್ಲ. ಆಸ್ಪತ್ರೆಯ ಸಿಬ್ಬಂದಿ ಇಬ್ಬರು ಬಂದು, ಗುದ್ದಿದಾಗ ಕಾರು ನಿಂತಿತ್ತು ಎಂದು ಓಡಿಸುತ್ತಿದ್ದ ಹುಡುಗಿ ಸಾಯುವ ಮುನ್ನ ಹೇಳಿದ್ದಳು ಎಂದು ಸಾಕ್ಷಿ ನುಡಿದರು. ನಿಂತಿದ್ದರೆ ಗುದ್ದಿನ ವೇಗ ಗಂಟೆಗೆ 50 ಮೈಲಿ. ಅಂಥ ಗುದ್ದಿಗೆ ಆ ಕಾಲದ ಬೇರೆ ಚಿಕ್ಕ ಕಾರುಗಳೂ ತಡೆಯುತ್ತಿರಲಿಲ್ಲ ಎಂಬುದು ನೀಲ್ ವಾದ. ಇನ್ನು ಆ ನಲವತ್ತೊಂದು ದಿನ? ರೀಕಾಲ್ ಕೆಲಸಕ್ಕೆ ನಮ್ಮವರು ಹೊತ್ತುಗೊತ್ತಿಲ್ಲದೆ ದುಡಿದಿದ್ದಾರೆ, ಇದಕ್ಕಿಂತ ಬೇಗ ಸಾಧ್ಯವಿರಲಿಲ್ಲ ಎಂದು ಫೋರ್ಡ್ ಹೇಳಿತು. ಅದು ಸುಳ್ಳೆಂದು ತೋರಿಸುವುದು ಕಷ್ಟವಿತ್ತು. ಜ್ಯೂರಿಯವರು ನಾಲ್ಕು ದಿನ ಕೂತು ಚರ್ಚಿಸಿ ಮಾರ್ಚ್ 13ರಂದು ನಿರ್ದೋಷಿ ಎಂದರು.

ನನಗೆ ಅನ್ನಿಸುವುದು, ಆ ನಲವತ್ತೊಂದು ದಿನದ ಮಟ್ಟಿಗೆ ಜ್ಯೂರಿ ಹೇಳಿದ್ದು ತಪ್ಪಲ್ಲ. ತಪ್ಪು ಅದಕ್ಕೆ ಮುಂಚಿನ ಏಳು ವರ್ಷಗಳಲ್ಲಿತ್ತು, ಅದನ್ನು ಅಳೆಯಲು ಆ ಕೋರ್ಟಿನ ಕೈಯಲ್ಲಿ ಕೋಲಿರಲಿಲ್ಲ.

ಆ ವಿಚಾರಣೆಯಲ್ಲಿ ಹುಡುಗಿಯರ ತಾಯಿಯೂ ಸಾಕ್ಷಿ ಹೇಳಿದರು. ಗೊತ್ತಿದ್ದರೆ ಆ ಕಾರನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಲೇ ಇರಲಿಲ್ಲ ಎಂದರು. ಫೋರ್ಡಿನ ರೀಕಾಲ್ ಕಾಗದ ಅವರ ಮನೆಗೆ ಬಂದಿತ್ತು, ಬಂದದ್ದು 1979ರ ಫೆಬ್ರವರಿಯಲ್ಲಿ. ಮಕ್ಕಳು ಹೋಗಿ ಆರು ತಿಂಗಳಾದ ಮೇಲೆ, 'ನಿಮ್ಮ ಕಾರನ್ನು ತಂದು ತೋರಿಸಿ' ಅಂತ.

ಅಂದಹಾಗೆ, ಪಿಂಟೋ ಅಂದಕೂಡಲೇ ಎಲ್ಲರೂ ಹೇಳುವ ಆ '11 ಡಾಲರ್ ಲೆಕ್ಕ'ದ ಬಗ್ಗೆ ಒಂದು ಮಾತು. ಒಂದು ಜೀವಕ್ಕೆ 2 ಲಕ್ಷ ಡಾಲರ್ ಬೆಲೆ ಕಟ್ಟಿ, ಸಾಯುವವರಿಗೆ ಪರಿಹಾರ ಕೊಡುವುದೇ ಅಗ್ಗ ಎಂದು ಫೋರ್ಡ್ ತೀರ್ಮಾನಿಸಿತು ಎನ್ನುವ ಕಥೆ. ಆ ಕಾಗದ ಇದ್ದದ್ದು ನಿಜ. ಆದರೆ ಅದು ಪಿಂಟೋ ಬಗ್ಗೆ ಬರೆದದ್ದಲ್ಲ, ಹಿಂದಿನಿಂದ ಗುದ್ದುವುದರ ಬಗ್ಗೆಯೂ ಅಲ್ಲ. ದೇಶದ ಎಲ್ಲ ಕಾರು ಮತ್ತು ಚಿಕ್ಕ ಟ್ರಕ್ಕುಗಳು ಪಲ್ಟಿಯಾದಾಗ ಸೋರುವ ಪೆಟ್ರೋಲಿನ ಬಗ್ಗೆ ಸರ್ಕಾರಕ್ಕೆ ಸಲ್ಲಿಸಿದ ಲೆಕ್ಕ ಅದು. ಜೀವದ ಆ ಬೆಲೆಯೂ ಸರ್ಕಾರಿ ಇಲಾಖೆಯ ಲೆಕ್ಕದಿಂದಲೇ ಬಂದದ್ದು. 1991ರಲ್ಲಿ ಗ್ಯಾರಿ ಶ್ವಾರ್ಟ್ಜ್ ಎಂಬ ಕಾನೂನು ಪ್ರಾಧ್ಯಾಪಕರು ಇದನ್ನು ವಿವರವಾಗಿ ಬಿಡಿಸಿ ಬರೆದರು. ಲೆಕ್ಕ ಹಾಕಿದ ಆ ಮನಸ್ಥಿತಿ ಸರಿ ಅಂತ ನಾನೇನೂ ಹೇಳುತ್ತಿಲ್ಲ, ಆದರೆ ಮೂವತ್ತು ವರ್ಷದಿಂದ ತಿದ್ದಿರುವುದನ್ನು ಇನ್ನೂ ಹಾಗೇ ಪಾಠ ಮಾಡುತ್ತಾರಲ್ಲ ಅಂತ ಅಷ್ಟೇ. ಮತ್ತೆ, ಈ ಕಾರಿನ ಅಪ್ಪ ಎನಿಸಿಕೊಂಡ ಅಯಕೋಕನನ್ನು ಎರಡನೇ ಹೆನ್ರಿ ಫೋರ್ಡ್ ಕೆಲಸದಿಂದ ತೆಗೆದದ್ದು 1978ರ ಜುಲೈ 13ರಂದು, ಅದೇ ನಲವತ್ತೊಂದು ದಿನದೊಳಗೆ. ಪಿಂಟೋ ಕಾರಣಕ್ಕಲ್ಲ, ಅವರಿಬ್ಬರ ಜಗಳವೇ ಬೇರೆ.

ಇದೆಲ್ಲ ಹಳೇ ಕಾಲದ್ದು, ಅಂಚೆಯ ಕಾಲದ್ದು ಅನ್ನುತ್ತೀರಾ? 2014ರಲ್ಲಿ ಫ್ಲಾರಿಡಾದ ಒರ್ಲ್ಯಾಂಡೋದಲ್ಲಿ 2001ರ ಹೋಂಡಾ ಅಕಾರ್ಡ್ ಓಡಿಸುತ್ತಿದ್ದ ಮಹಿಳೆಯೊಬ್ಬರು ಅಪಘಾತದಲ್ಲಿ ತೀರಿಕೊಂಡರು. ಕತ್ತಿನ ಗಾಯ ನೋಡಿ ಯಾರೋ ಚಾಕು ಹಾಕಿದ್ದಾರೆ ಎಂದೇ ಪೊಲೀಸರು ಮೊದಲು ಅಂದುಕೊಂಡಿದ್ದು. ಅದು ಜಪಾನಿನ ಟಕಾಟ ಕಂಪನಿಯ ಏರ್‌ಬ್ಯಾಗು ಸಿಡಿದು ಬಂದ ಲೋಹದ ಚೂರು. ಸಾವಾಗಿ ಸುಮಾರು ಒಂದು ವಾರಕ್ಕೆ ಮನೆಗೆ ರೀಕಾಲ್ ಕಾಗದ ಬಂತು. ಟಕಾಟ ರೀಕಾಲ್ ಅಮೆರಿಕದಲ್ಲೇ ಸುಮಾರು 6.7 ಕೋಟಿ ಏರ್‌ಬ್ಯಾಗುಗಳಿಗೆ ಹಬ್ಬಿತು. ಅಷ್ಟು ಪಾರ್ಟು ಎಲ್ಲಿಂದ ತರುತ್ತಾರೆ? ಪಾರ್ಟು ಬರುವವರೆಗೆ ಟೊಯೋಟಾ ಡೀಲರುಗಳು ಕೆಲವು ಕಾರುಗಳ ಏರ್‌ಬ್ಯಾಗನ್ನೇ ನಿಲ್ಲಿಸಿ, ಮುಂದಿನ ಸೀಟಿನಲ್ಲಿ ಯಾರೂ ಕೂರಬೇಡಿ ಎಂಬ ಚೀಟಿ ಅಂಟಿಸಿ ಕಳಿಸುತ್ತಿದ್ದರು. ಇನ್ನು ಕೆಲವರಿಗೆ ಹಳೆಯದನ್ನು ತೆಗೆದು ಅದೇ ಜಾತಿಯ ಹೊಸದನ್ನು ಹಾಕಿಕೊಟ್ಟರು, ಅವರು ಮತ್ತೊಮ್ಮೆ ಬರಬೇಕಾಯಿತು. ಕಂಪನಿ 2017ರಲ್ಲಿ ದಿವಾಳಿಯಾಯಿತು.

ನಮ್ಮಲ್ಲಿ ರೀಕಾಲ್ ಎಂಬುದಕ್ಕೆ ಬಹಳ ಕಾಲ ನಿಯಮವೇ ಇರಲಿಲ್ಲ. ಸರ್ವಿಸ್‌ಗೆ ಬಿಟ್ಟಾಗ ಸದ್ದಿಲ್ಲದೆ ಪಾರ್ಟು ಬದಲಿಸಿ ಕಳಿಸಿಬಿಟ್ಟರೆ ಮುಗಿಯಿತು. 2012ರ ಜುಲೈಯಲ್ಲಿ ವಾಹನ ತಯಾರಕರ ಸಂಘ ಸ್ವಯಂಪ್ರೇರಿತ ನೀತಿಸಂಹಿತೆ ತಂದಿತು. ಕಡ್ಡಾಯ ಕಾನೂನು 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ ಬಂತು, ನಿಯಮಗಳು ಜಾರಿಯಾದದ್ದು 2021ರ ಏಪ್ರಿಲ್ 1ರಿಂದ. ಸರ್ಕಾರವೇ ರೀಕಾಲ್ ಮಾಡಿಸಬೇಕಾಗಿ ಬಂದರೆ ಕಂಪನಿಗೆ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ. ಆದರೆ ಇದು ಏಳು ವರ್ಷದೊಳಗಿನ ಗಾಡಿಗಳಿಗೆ. ಗೋಶೆನ್‌ನ ಪಿಂಟೋಗೆ ಐದು ವರ್ಷ, ಈ ನಿಯಮದೊಳಗೆ ಬರುತ್ತಿತ್ತು. ಒರ್ಲ್ಯಾಂಡೋದ ಅಕಾರ್ಡಿಗೆ ಹದಿಮೂರು, ಬರುತ್ತಿರಲಿಲ್ಲ. ನಮ್ಮೂರುಗಳಲ್ಲಿ ಹದಿಮೂರು ವರ್ಷದ ಕಾರು ಅಂದರೆ ಮೂರನೇ ಮಾಲೀಕನ ಕೈಯಲ್ಲಿ ಆರಾಮಾಗಿ ಓಡುತ್ತಿರುತ್ತದೆ.

ಮಾಲೀಕರು ಬದಲಾದಾಗಲೇ ಈ ಕಾಗದ ದಾರಿ ತಪ್ಪುವುದು. ನಮ್ಮ ಭಾವನವರು ತಗೊಂಡ ಸೆಕೆಂಡ್ ಹ್ಯಾಂಡ್ ಕಾರಿನ ರೀಕಾಲ್ ಸುದ್ದಿ ಹುಬ್ಬಳ್ಳಿಯ ಹಳೇ ಮಾಲೀಕರ ಮೊಬೈಲಿಗೆ ಹೋಗಿತ್ತಂತೆ. ಆಯಿಲ್ ಬದಲಿಸಲು ಬಿಟ್ಟಾಗ ಸರ್ವಿಸ್ ಸೆಂಟರಿನ ಹುಡುಗ ಕಂಪ್ಯೂಟರ್ ನೋಡಿ 'ಸಾರ್, ಒಂದು ರೀಕಾಲ್ ಪೆಂಡಿಂಗ್ ತೋರಿಸ್ತಿದೆ' ಅಂದಮೇಲೆಯೇ ಗೊತ್ತಾದದ್ದು. ಬಹಳಷ್ಟು ಕಂಪನಿಗಳ ವೆಬ್‌ಸೈಟಿನಲ್ಲಿ ಆರ್‌ಸಿಯಲ್ಲಿರುವ ಚಾಸಿ ನಂಬರ್ ಹಾಕಿ ನೋಡಲು ಬರುತ್ತದೆ, ಹಳೇ ಗಾಡಿ ಇಟ್ಟುಕೊಂಡವರು ಒಮ್ಮೆ ನೋಡಿ.

ಪಾರ್ಟಿಗೆ ಕಾಯುವುದು ಮಾತ್ರ ತಪ್ಪಿದ್ದಲ್ಲ. 2021ರ ಸೆಪ್ಟೆಂಬರಿನಲ್ಲಿ ಮಾರುತಿ ಸುಜುಕಿ 1,81,754 ಕಾರುಗಳನ್ನು ಕರೆಯಿತು. ಸಿಯಾಜ್, ಎರ್ಟಿಗಾ, ಬ್ರೆಝಾ ಇತ್ಯಾದಿ. ಒಂದು ವಿದ್ಯುತ್ ಭಾಗದ ದೋಷ. ಹೊಸ ಭಾಗ ಹಾಕುವುದು ನವೆಂಬರ್ ಮೊದಲ ವಾರದಿಂದ, ಅಲ್ಲಿಯವರೆಗೆ ನೀರು ನಿಂತ ಕಡೆ ಓಡಿಸಬೇಡಿ, ಇಂಜಿನ್ನಿನ ವಿದ್ಯುತ್ ಭಾಗಗಳ ಮೇಲೆ ನೀರು ಹಾರಿಸಬೇಡಿ ಎಂದು ಸೂಚನೆ ಕೊಟ್ಟಿತು. ಮಂಗಳೂರಿನವರು, ಕುಂದಾಪುರದವರು ಸೆಪ್ಟೆಂಬರ್ ಅಕ್ಟೋಬರಿನಲ್ಲಿ ನೀರಿಲ್ಲದ ಕಡೆ ಓಡಿಸಬೇಕಿತ್ತು.