ಮೆಳ್ಳೆಗಣ್ಣು (ವಯಸ್ಕರ ಚಿಕಿತ್ಸೆ)

ಒಂದೊಂದು ಕಣ್ಣನ್ನೂ ತಿರುಗಿಸುವ 6 ಸ್ನಾಯುಗಳ ಸಮತೋಲ ತಪ್ಪಿ, ಎರಡು ದೃಷ್ಟಿರೇಖೆಗಳು ಒಂದೇ ವಸ್ತುವಿನಲ್ಲಿ ಸಂಧಿಸದಿರುವ ಸ್ಥಿತಿ. ಓರೆಗಣ್ಣು ಎಂದೂ ಹೆಸರುಂಟು. ಬಾಲ್ಯದಿಂದ ಬಂದ ಮೆಳ್ಳೆಯಲ್ಲಿ ಮಿದುಳು ಒಂದು ಬಿಂಬವನ್ನು ಅದುಮಿಡುವುದರಿಂದ ಬಾಧೆ ತೋರದು. ಮೆಳ್ಳೆಗಣ್ಣು ಅದೃಷ್ಟದ ಚಿಹ್ನೆಯೆಂಬ ಜನನಂಬಿಕೆಯೂ ಕೂಡಿ, ಚಿಕಿತ್ಸೆಯ ಯೋಚನೆ ಮದುವೆಯ ಮಾತುಕತೆಯವರೆಗೆ ಹಿಂದೆ ಬೀಳುವುದುಂಟು. ಮಧುಮೇಹ, ರಕ್ತದೊತ್ತಡ, ತಲೆಪೆಟ್ಟುಗಳಿಂದ ಪ್ರೌಢವಯಸ್ಸಿನಲ್ಲಿ ಒದಗುವ ಮೆಳ್ಳೆಯಾದರೋ ಇಮ್ಮಡಿ ದೃಷ್ಟಿಯಾಗಿ ಮೈದೋರುತ್ತದೆ: ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ತಕ್ಕಡಿಯ ಮುಳ್ಳು ಎರಡಾಗಿ ಕಂಡು, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿದೊಡನೆ ಒಂದಾದರೆ, ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು.

ಕಣ್ಣಿನ ಸ್ನಾಯುಗಳನ್ನು ನಡೆಸುವ ನರಗಳಿಗೆ ಮಧುಮೇಹದಿಂದ ಬಂದ ದೌರ್ಬಲ್ಯವು ಬಹುಮಟ್ಟಿಗೆ 3ರಿಂದ 6 ತಿಂಗಳಲ್ಲಿ ತಾನಾಗಿ ಇಳಿಯುವುದರಿಂದ, ಅಲ್ಲಿಯವರೆಗೆ ಕಣ್ಣುಪಟ್ಟಿಯನ್ನೋ ಪ್ರಿಸಂ ಕನ್ನಡಕವನ್ನೋ ಕೊಡುವರು. ಸ್ಥಿರವಾಗಿ ಉಳಿದ ಮೆಳ್ಳೆಗೆ, 1839ರಲ್ಲಿ ಬರ್ಲಿನ್ನಿನ ಡೀಫೆನ್‌ಬಾಖ್ ಆರಂಭಿಸಿದ ಸ್ನಾಯು ಶಸ್ತ್ರಕ್ರಿಯೆಯ ಪರಿಷ್ಕೃತ ರೂಪವೇ ಮುಖ್ಯ ಉಪಾಯ. ಕೆಲವರಿಗೆ ಬಾಟ್ಯುಲಿನಮ್ ಚುಚ್ಚುಮದ್ದೂ ಸಲ್ಲುವುದು.

ಬ್ಯಾಡಗಿ ಸೇರಿದ ಹಾವೇರಿ ಜಿಲ್ಲೆಯಲ್ಲಿ, ವಿಶೇಷ ಶಸ್ತ್ರಕ್ರಿಯೆಗೆಂದು ಹೊರಡುವವರಿಗೆ ಹೆದ್ದಾರಿಯ ನೇರದಲ್ಲಿಯೇ ಎರಡು ನಗರಗಳುಂಟು: ಹಾವೇರಿ, ಬ್ಯಾಡಗಿಯವರಿಗೆ ಹುಬ್ಬಳ್ಳಿ, ರಾಣೆಬೆನ್ನೂರಿನವರಿಗೆ ದಾವಣಗೆರೆ. ವಯಸ್ಸು ಮೀರಿದ ಮೇಲೆ ಮೆಳ್ಳೆ ತಿದ್ದದೆಂಬುದು ಭ್ರಾಂತಿ. ಬಾಲ್ಯದಿಂದ ಬಿಂಬ ಅದುಮಲ್ಪಟ್ಟು ಮಸುಕಾದ ಕಣ್ಣಿನ ನೋಟವು ಮರಳದಿದ್ದರೂ, ಕಣ್ಣಿನ ನೆಲೆಯನ್ನು ಯಾವ ವಯಸ್ಸಿನಲ್ಲಿಯೂ ಸರಿಪಡಿಸಬಹುದು.